ಗಾಡಿ ಕಟ್ಟುವ ಮೊದಲು

ಬೆಳಗಿನ ನಾಲ್ಕೂವರೆ. ಜೂನ್ ತಿಂಗಳಲ್ಲಿ ಅರಿಜೋನಾದ ಚಾಂಡ್ಲರ್‌ನಲ್ಲಿ ಮೈಗೆ ಹಿತವೆನಿಸುವ ಹೊತ್ತು ಇದೊಂದೇ. ಮನೆಯ ಮುಂದೆ ಪಿಕಪ್ ನಿಂತಿದೆ, ಅದರ ಹಿಂದೆ ನಮ್ಮ 19 ಅಡಿಯ ಟ್ರೇಲರ್, ಹಾಸಿಗೆ-ಒಲೆಗಳಿರುವ ಗಾಲಿಯ ಮೇಲಿನ ಪುಟ್ಟ ಮನೆ. ನನ್ನ ಗಂಡ ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ಪ್ಲಾಸ್ಟಿಕ್ ಹೊದಿಕೆ ಹಾಕಿಸಿದ ಕಾಗದ ಹಿಡಿದು ಓದುತ್ತಾರೆ. ನಾನು ಎರಡು ವಾಹನಗಳ ನಡುವೆ ಮೊಣಕಾಲೂರಿದ್ದೇನೆ.

"ಗುಂಡು ಕೂತಿದೆಯೇ?"

"ಕೂತಿದೆ."

"ಕಡಾಣಿ?"

"ಹಾಕಿದ್ದೇನೆ."

"ಸರಪಳಿ?"

"ಎರಡೂ ಇವೆ. ಅಡ್ಡ ಹಾಯಿಸಿದ್ದೇನೆ."

ನಾನು ಉತ್ತರ ಹೇಳುವಾಗ ನನ್ನ ಕೈ ಆ ವಸ್ತುವಿನ ಮೇಲೇ ಇರಬೇಕು. ಕಣ್ಣಿಗೆ ಕಂಡಿತು ಎಂದರೆ ನಮ್ಮಲ್ಲಿ ಲೆಕ್ಕಕ್ಕಿಲ್ಲ. ಬೀದಿಯಲ್ಲಿ ಯಾರೂ ಎದ್ದಿರುವುದಿಲ್ಲ. ಆ ನಿಶ್ಶಬ್ದದಲ್ಲಿ ಈ ಪ್ರಶ್ನೋತ್ತರ ನನಗೆ ಬೆಳಗಿನ ಪೂಜೆಯಷ್ಟೇ ಅಗತ್ಯವಾಗಿಬಿಟ್ಟಿದೆ. ಎರಡು ವರ್ಷಗಳ ಹಿಂದೆ ಹೀಗಿರಲಿಲ್ಲ.

ಆಗ ನಮಗೆ ಎಲ್ಲವೂ ಬಾಯಿಪಾಠವಾಗಿತ್ತು. ಟ್ರೇಲರ್ ಕೊಂಡ ಮೊದಲ ಆರು ತಿಂಗಳು ಕೈಪಿಡಿ ನೋಡಿಕೊಂಡು, ಹೆದರಿಕೊಂಡು ಕಟ್ಟುತ್ತಿದ್ದೆವು. ಹತ್ತಾರು ಪ್ರವಾಸಗಳಾದ ಮೇಲೆ ಕೈಪಿಡಿ ಪಿಕಪ್‌ನ ಡ್ರಾಯರಿನ ತಳ ಸೇರಿತು. ವಿಲಿಯಮ್ಸ್ ಊರಿನ ಹತ್ತಿರ, ಕೈಬಾಬ್ ಪೈನ್ ಕಾಡಿನಲ್ಲಿ ಮೂರು ರಾತ್ರಿ ತಂಗಿ ಹೊರಡುತ್ತಿದ್ದ ದಿನ ಅದು. ಟ್ರೇಲರಿನ ಮೂತಿಯನ್ನು ಜಾಕ್‌ನಿಂದ ಇಳಿಸಿ ಪಿಕಪ್‌ನ ಹಿಂದೆ ಚಾಚಿದ ಕಬ್ಬಿಣದ ಗುಂಡಿನ ಮೇಲೆ ಕೂರಿಸಿದೆ. ಅಷ್ಟರಲ್ಲಿ ಪಕ್ಕದ ಬಿಡಾರದ ಹಿರಿಯರೊಬ್ಬರು ಉಳಿದ ಸೌದೆಯನ್ನು ನಮಗೆ ಕೊಡಲು ಬಂದರು. ಎಲ್ಲಿಂದ ಬಂದಿರಿ, ಮುಂದೆಲ್ಲಿಗೆ, ಮಗ ಯಾವ ತರಗತಿ ಎಂದು ಹತ್ತು ನಿಮಿಷ ಮಾತಾಡಿದೆವು. ಒಳ್ಳೆಯ ಮನುಷ್ಯ. ಆಮೇಲೆ ಮಗನ ಒಂದು ಚಪ್ಪಲಿ ಕಾಣದೆ ನಾನು ಹುಡುಕಲು ಹೋದೆ. ನನ್ನ ಗಂಡ ಬಂದು ಸರಪಳಿ ಸಿಕ್ಕಿಸಿದರು, ದೀಪದ ಪ್ಲಗ್ ಚುಚ್ಚಿದರು. ಗುಂಡನ್ನು ಕಚ್ಚಿ ಹಿಡಿಯುವ ಹಿಡಿಯನ್ನು ನಾನು ಭದ್ರ ಮಾಡಿದ್ದೇನೆಂದು ಅವರು ಅಂದುಕೊಂಡರು. ಮುಂದಿನದನ್ನೆಲ್ಲ ಅವರು ಮುಗಿಸಿದ್ದಾರೆಂದು ನಾನು ಅಂದುಕೊಂಡೆ. ನೋಡುವುದಕ್ಕೆ ಹಿಡಿ ಕೆಳಗೇ ಇತ್ತು. ಆದರೆ ಒಳಗಿನ ದವಡೆ ಗುಂಡಿನ ಕೆಳಗೆ ಬಂದಿರಲಿಲ್ಲ, ಅದರ ಮೇಲೆ ಸುಮ್ಮನೆ ಕೂತಿತ್ತು.

ಕಾಡಿನ ದಾರಿ ಹೆದ್ದಾರಿಗೆ ಸೇರುವ ಮುನ್ನ ದನಗಳು ದಾಟದಂತೆ ನೆಲಕ್ಕೆ ಹಾಸಿದ ಕಬ್ಬಿಣದ ಕೊಳವೆಗಳಿವೆ. ಹಿಂದಿನ ಚಕ್ರ ಅದರ ಮೇಲೆ ಹತ್ತಿದಾಗ ಮೂತಿ ಎಗರಿತು. ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಸುತ್ತಿಗೆಯಿಂದ ಖಾಲಿ ಪೀಪಾಯಿಗೆ ಬಡಿದ ಹಾಗೆ ಒಂದು ಏಟು, ಅದರ ಹಿಂದೆಯೇ ಸರಪಳಿ ಬಿಗಿಯುವ ಕರಕರ. ನಾವು ನಡಿಗೆಗಿಂತ ತುಸು ಜೋರಾಗಿ ಹೋಗುತ್ತಿದ್ದೆವಷ್ಟೆ. ಮೂತಿ ಅಡ್ಡ ಹಾಯಿಸಿದ ಸರಪಳಿಗಳ ಮೇಲೆ ಬಿದ್ದು, ತೊಟ್ಟಿಲಲ್ಲಿ ಕೂಸಿದ್ದಂತೆ ನೇತಾಡಿತು, ನೆಲ ಮುಟ್ಟಲಿಲ್ಲ. ಪಿಕಪ್‌ನ ಹಿಂಬಾಗಿಲು ನುಗ್ಗಾಯಿತು. ಸೌದೆ ಕೊಟ್ಟ ಹಿರಿಯರೇ ಓಡಿಬಂದು ಜಾಕ್ ಹಿಡಿದು ಮತ್ತೆ ಎತ್ತಿ ಕೂರಿಸಿಕೊಟ್ಟರು.

ಆ ದಿನ ನಾವು ಹೋಗಬೇಕಿದ್ದ ದಾರಿಯನ್ನು ನೆನೆದರೆ ಈಗಲೂ ಅಂಗೈ ಬೆವರುತ್ತದೆ. ಫ್ಲ್ಯಾಗ್‌ಸ್ಟಾಫ್ ಸಮುದ್ರಮಟ್ಟದಿಂದ ಸುಮಾರು 7,000 ಅಡಿ ಎತ್ತರದಲ್ಲಿದೆ. ಅಲ್ಲಿಂದ ದಕ್ಷಿಣಕ್ಕೆ ಬರುವ 17ನೆಯ ಇಂಟರ್‌ಸ್ಟೇಟ್ ಹೆದ್ದಾರಿ ಕ್ಯಾಂಪ್ ವರ್ಡಿಗೆ ಇಳಿಯುವಷ್ಟರಲ್ಲಿ ಸರಿಸುಮಾರು 4,000 ಅಡಿ ಕಳೆದುಕೊಳ್ಳುತ್ತದೆ. ಬ್ರೇಕ್ ಕೈಕೊಟ್ಟ ಲಾರಿಗಳು ನುಗ್ಗಿ ನಿಲ್ಲಲೆಂದೇ ಆ ಇಳಿಜಾರಿನ ಪಕ್ಕದಲ್ಲಿ ಜಲ್ಲಿ ತುಂಬಿದ ಓಣಿ ಮಾಡಿಟ್ಟಿದ್ದಾರೆ. ತುಂಬಿದಾಗ ನಮ್ಮ ಟ್ರೇಲರ್ 1,700 ಕೆ.ಜಿ. ದಾಟುತ್ತದೆ. ಆ ಕೊಳವೆಗಳು ದಾರಿಯಲ್ಲಿ ಇಲ್ಲದೆ ಹೋಗಿದ್ದರೆ ಅದು ಒಂದೂವರೆ ಗಂಟೆಯ ನಂತರ ಅಲ್ಲಿ ಕಳಚಿಕೊಳ್ಳುತ್ತಿತ್ತು. ನಮ್ಮ ಹಿಂದೆ ಯಾರದೋ ಕಾರು, ಆ ಕಾರಿನಲ್ಲಿ ಯಾರದೋ ಮಕ್ಕಳು.

ನನಗೆ ತಿಳಿಯದ ಯಾವ ಸಂಗತಿಯೂ ಅಂದು ನಡೆಯಲಿಲ್ಲ. ಹಿಡಿ ಭದ್ರವಾದ ಮೇಲೆ ಜಾಕ್‌ನಿಂದ ಮೂತಿಯನ್ನು ಮತ್ತೆ ಸ್ವಲ್ಪ ಎತ್ತಬೇಕು. ಜೊತೆಗೆ ಪಿಕಪ್‌ನ ಹಿಂಭಾಗವೂ ಮೇಲೇಳುತ್ತಾ ಬಂದರೆ ಹಿಡಿತ ನಿಜ, ಮೂತಿ ಮಾತ್ರ ಎದ್ದು ಬಂದರೆ ಸುಳ್ಳು. ಈ ಪರೀಕ್ಷೆ ಗೊತ್ತಿತ್ತು, ನಾನೇ ಹತ್ತಾರು ಸಲ ಮಾಡಿದ್ದೆ. ಅರ್ಧ ನಿಮಿಷದ ಕೆಲಸ. ಅಂದು ಆ ಅರ್ಧ ನಿಮಿಷದ ಜಾಗದಲ್ಲಿ ಸೌದೆಯ ಮಾತು ಬಂದು ಕೂತಿತು, ಮಾತು ಮುಗಿದ ಮೇಲೆ ಮನಸ್ಸು ಆ ಜಾಗವನ್ನು ದಾಟಿ ಮುಂದಕ್ಕೆ ಹೋಗಿತ್ತು. ಚೆಕ್‌ಲಿಸ್ಟ್ ಎಂದರೆ ಹೊಸಬರಿಗೆ ಎಂದು ಬಹಳ ಜನ ತಿಳಿದಿದ್ದಾರೆ. ನನ್ನ ಅನುಭವ ಬೇರೆ. ಹೊಸಬರನ್ನು ಅವರ ಭಯವೇ ಕಾಯುತ್ತದೆ. ಕೈ ಪಳಗಿದವರಿಗೆ ಆ ಕಾವಲು ಹೋಗಿರುತ್ತದೆ; ಪಟ್ಟಿ ಬೇಕಾದದ್ದು ಅವರಿಗೆ.

1935ರ ಅಕ್ಟೋಬರ್ 30ರಂದು ಒಹಾಯೊದ ಡೇಟನ್‌ನಲ್ಲಿ ಆದದ್ದೂ ಇದೇ. ಬೋಯಿಂಗ್ ಕಂಪನಿಯ ಮಾಡೆಲ್ 299 ಎಂಬ ನಾಲ್ಕು ಎಂಜಿನ್‌ಗಳ ಹೊಸ ವಿಮಾನವನ್ನು ಸೇನೆಯ ಮುಂದೆ ಪರೀಕ್ಷೆಗೆ ಹಾರಿಸಿದರು. ನೆಲದ ಮೇಲೆ ನಿಂತಾಗ ಗಾಳಿಗೆ ರೆಕ್ಕೆ-ಬಾಲದ ಪಟಗಳು ಬಡಿದಾಡದಂತೆ ಹಾಕಿದ್ದ ಬೀಗವನ್ನು ತೆಗೆಯಲು ಮರೆತಿದ್ದರು. ವಿಮಾನ ಕಡಿದಾಗಿ ಮೇಲೇರಿ, ಗತಿ ಕಳೆದುಕೊಂಡು ಬಿತ್ತು. ಸೇನೆಯ ಪರೀಕ್ಷಾ ಪೈಲಟ್ ಪ್ಲಾಯರ್ ಹಿಲ್ ಮತ್ತು ಬೋಯಿಂಗ್‌ನ ಪರೀಕ್ಷಾ ಪೈಲಟ್ ಲೆಸ್ಲಿ ಟವರ್ ಇಬ್ಬರೂ ತೀರಿಕೊಂಡರು. ಅವರಿಗಿಂತ ಬಲ್ಲವರು ಆ ಮೈದಾನದಲ್ಲಿ ಇದ್ದಿರಲಾರರು. ಹೆಚ್ಚಿನ ತರಬೇತಿಯಿಂದ ಇದು ಸರಿಹೋಗುವುದಿಲ್ಲ ಎಂದು ಉಳಿದ ಪೈಲಟ್‌ಗಳಿಗೆ ತಿಳಿಯಿತು. ಹಾರುವ ಮೊದಲು, ಹಾರಿದ ಮೇಲೆ, ಇಳಿಯುವ ಮೊದಲು ಏನೇನು ನೋಡಬೇಕೆಂದು ಪಟ್ಟಿ ಬರೆದಿಟ್ಟುಕೊಂಡರು. ಅದೇ ವಿಮಾನ ಮುಂದೆ ಬಿ-17 ಎಂಬ ಹೆಸರಿನಲ್ಲಿ 12,000ಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಯಿತು.

ಕಾಡಿನಿಂದ ಬಂದ ವಾರ ನಾವೂ ಪಟ್ಟಿ ಮಾಡಿದೆವು. ಮೊದಲ ಪ್ರಯತ್ನ ಕೆಟ್ಟದಾಗಿತ್ತು. ಅಂತರ್ಜಾಲದಲ್ಲಿ ಸಿಕ್ಕಿದ ನಾಲ್ಕಾರು ಪಟ್ಟಿಗಳನ್ನು ಕೂಡಿಸಿ ಇಂಗ್ಲಿಷಿನಲ್ಲಿ ಎರಡು ಪುಟ ಮುದ್ರಿಸಿದೆ. ಅದರಲ್ಲಿ ಫ್ರಿಜ್‌ನ ಬಾಗಿಲೂ ಇತ್ತು, ಹಾಲಿನ ಡಬ್ಬಿಯೂ ಇತ್ತು, ಕಿಟಕಿಯ ಪರದೆಯೂ ಇತ್ತು. ಮೂರನೆಯ ಪ್ರವಾಸದ ಹೊತ್ತಿಗೆ ನಮ್ಮಿಬ್ಬರ ಕಣ್ಣೂ ಸಾಲುಗಳ ಮೇಲೆ ಜಾರುತ್ತಿದ್ದವು. ಎಲ್ಲದಕ್ಕೂ "ಆಯಿತು, ಆಯಿತು". ಹಾಲು ಚೆಲ್ಲುವುದೂ ಟ್ರೇಲರ್ ಕಳಚುವುದೂ ಒಂದೇ ಅಕ್ಷರದ ಗಾತ್ರದಲ್ಲಿ ಒಂದರ ಕೆಳಗೊಂದು ಕೂತರೆ ಎರಡೂ ಒಂದೇ ತೂಕದ್ದಾಗಿ ಕಾಣುತ್ತವೆ. ಹಾಗಾಗಿ ಎರಡು ಕಾಗದ ಮಾಡಿದೆ. ಮರೆತರೆ ಬೇಸರ ತರುವಂಥವು ಟ್ರೇಲರಿನ ಒಳಗೆ, ಅಡುಗೆಯ ಕಟ್ಟೆಯ ಮೇಲೆ ಅಂಟಿಸಿದ ಕಾಗದದಲ್ಲಿ. ಮರೆತರೆ ಜೀವ ಹೋಗುವಂಥವು ಹೊರಗೆ, ಗಟ್ಟಿಯಾಗಿ ಓದುವ ಕಾಗದದಲ್ಲಿ. ಈ ಎರಡನೆಯದರಲ್ಲಿ ಹದಿನಾಲ್ಕೇ ಸಾಲು. ಹದಿನೈದನೆಯದನ್ನು ಸೇರಿಸಬೇಕಾದರೆ ಒಂದನ್ನು ತೆಗೆಯಬೇಕು ಎಂದು ನನಗೆ ನಾನೇ ಹಾಕಿಕೊಂಡ ಕಟ್ಟಳೆ.

ಗಟ್ಟಿಯಾಗಿ ಓದುವ ರೂಢಿ ನನ್ನ ಸೋದರಮಾವನಿಂದ ಬಂದದ್ದು. ಅವರು ರೈಲ್ವೆಯಲ್ಲಿ ಸಹಾಯಕ ಲೋಕೊ ಪೈಲಟ್ ಆಗಿದ್ದವರು. ಎಂಜಿನ್ನಿನಲ್ಲಿ ಇಬ್ಬರೂ ಪ್ರತಿ ಸಿಗ್ನಲ್ಲನ್ನೂ ಬಾಯಿಬಿಟ್ಟು ಕೂಗಿ ಹೇಳಬೇಕು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಕೈಯೆತ್ತಿ ತೋರಿಸಿ ಮರಳಿ ಹೇಳಬೇಕು. ಚಿಕ್ಕಂದಿನಲ್ಲಿ ಅವರು ಊಟಕ್ಕೆ ಕೂತಾಗ ನಾವು "ಸಿಗ್ನಲ್ ಹೇಳಿ ಮಾವಾ" ಎಂದು ಪೀಡಿಸುತ್ತಿದ್ದೆವು. ಇಬ್ಬರಿಗೂ ಕಾಣುವುದನ್ನು ಕೂಗುವುದು ಯಾತಕ್ಕೆ ಎಂದು ಒಮ್ಮೆ ಕೇಳಿದ್ದೆ. "ಕಣ್ಣು ನಿದ್ದೆ ಮಾಡುತ್ತಲೇ ನೋಡುತ್ತದೆ ಕಣವ್ವಾ, ಬಾಯಿಗೆ ಅದು ಬರುವುದಿಲ್ಲ" ಎಂದಿದ್ದರು. ಟ್ರೇಲರಿನ ಮುಂದೆ ಮೊಣಕಾಲೂರುವಾಗಲೆಲ್ಲ ಈ ಮಾತು ನೆನಪಾಗುತ್ತದೆ.

ಇನ್ನೊಂದು ಕಟ್ಟಳೆ ಇದೆ, ಪಟ್ಟಿಗಿಂತ ಅದೇ ಮುಖ್ಯ ಎನ್ನುತ್ತೇನೆ. ಓದು ನಡೆಯುವಾಗ ಯಾರಾದರೂ ಮಾತಾಡಿಸಿದರೆ, ಫೋನ್ ಬಂದರೆ, ಮಗ ಕರೆದರೆ, ಓದು ಅಲ್ಲಿಗೇ ನಿಂತಿತು. ನಿಂತ ಸಾಲಿನಿಂದ ಮುಂದುವರಿಸುವಂತಿಲ್ಲ. ಮೊದಲ ಸಾಲಿನಿಂದ ಮತ್ತೆ. ಮಗನಿಗೆ ಆರಂಭದಲ್ಲಿ ಇದು ಸಿಟ್ಟು ತರಿಸುತ್ತಿತ್ತು. ಈಗ ಅವನೇ ನೆರೆಯವರಿಗೆ "ಅಪ್ಪ-ಅಮ್ಮ ಪಟ್ಟಿ ಓದುತ್ತಿದ್ದಾರೆ, ಐದು ನಿಮಿಷ ತಾಳಿ" ಎಂದು ತಡೆಯುತ್ತಾನೆ.

ಕಳೆದ ವರ್ಷ ಏಪ್ರಿಲ್‌ನಲ್ಲಿ ಅಪ್ಪ ಊರಿನಿಂದ ಬಂದ. ಮಂಡ್ಯದ ಕಡೆಯ ಹಳ್ಳಿ ನಮ್ಮದು. ನಾನು ಹೈಸ್ಕೂಲು ಮುಗಿಸುವವರೆಗೂ ಮನೆಯಲ್ಲಿ ಎತ್ತಿನ ಗಾಡಿಯಿತ್ತು. ಬಂದ ಮೂರನೆಯ ದಿನ ಅಪ್ಪ ಟ್ರೇಲರನ್ನು ಒಂದು ಸುತ್ತು ಹಾಕಿದ. ಒಳಗಿನ ಹಾಸಿಗೆ, ಒಲೆ, ಬಚ್ಚಲು ಯಾವುದನ್ನೂ ಬಹಳ ಹೊತ್ತು ನೋಡಲಿಲ್ಲ. ಮೂತಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ಕೇಳಿದ: "ಇದಕ್ಕೆ ಕಡಾಣಿ ಎಲ್ಲಿದೆಯವ್ವಾ?"

ಕಡಾಣಿ ಎಂದರೆ ಗಾಡಿಯ ಅಚ್ಚಿನ ತುದಿಯಲ್ಲಿ, ಚಕ್ರ ಹೊರಬಾರದಂತೆ ತೂರಿಸುವ ಕಬ್ಬಿಣದ ಕೀಲು. ಬೆರಳುದ್ದದ ವಸ್ತು, ಅದು ಬಿದ್ದುಹೋದರೆ ಗಾಡಿಯೇ ಇಲ್ಲ. ಟ್ರೇಲರಿನ ಹಿಡಿಯಲ್ಲಿ ಒಂದು ತೂತಿದೆ, ಹಿಡಿ ತಾನಾಗಿ ಮೇಲೇಳದಂತೆ ಅದರಲ್ಲಿ ಒಂದು ಪಿನ್ ತೂರಿಸಬೇಕು. ನಾನು ಆ ಪಿನ್ ತೆಗೆದು ಅಪ್ಪನ ಕೈಗೆ ಕೊಟ್ಟೆ. ಅಪ್ಪ ಅದನ್ನು ತಿರುಗಿಸಿ ನೋಡಿ, ತಾನೇ ತೂರಿಸಿ, ಎಳೆದು ಪರೀಕ್ಷಿಸಿ, "ಹೂಂ, ಇದೇ" ಎಂದ. ಇಂಗ್ಲಿಷ್ ಪಟ್ಟಿಯಲ್ಲಿ ಆ ಪಿನ್ನಿಗೆ ನಾಲ್ಕು ಪದಗಳ ಹೆಸರಿತ್ತು. ಎಷ್ಟೋ ಸಲ ಅದನ್ನು ಓದಿದ್ದೆ, ಆ ಹೆಸರು ಒಮ್ಮೆಯೂ ನನ್ನನ್ನು ಹೆದರಿಸಿರಲಿಲ್ಲ. ಕಡಾಣಿ ಎಂದ ಕೂಡಲೇ ನನಗೆ ಐದನೆಯ ತರಗತಿಯಲ್ಲಿ ಸಂತೆಯ ದಾರಿಯಲ್ಲಿ ಕಂಡ ಗಾಡಿ ನೆನಪಾಯಿತು. ಒಂದು ಚಕ್ರ ಕಳಚಿ ಕಾಲುವೆಗೆ ಉರುಳಿತ್ತು, ಎತ್ತು ನೊಗದಡಿ ಸಿಕ್ಕಿ ಒದ್ದಾಡುತ್ತಿತ್ತು. ಆ ರಾತ್ರಿ ಕೂತು ಹದಿನಾಲ್ಕು ಸಾಲುಗಳನ್ನೂ ಕನ್ನಡದಲ್ಲಿ ಬರೆದೆ.

ಅಪ್ಪನ ಪರೀಕ್ಷೆ ಅಲ್ಲಿಗೆ ಮುಗಿಯಲಿಲ್ಲ. ಮೂತಿಯನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಲು ನೋಡಿದ. ಗಾಡಿ ಹೇರಿದ ಮೇಲೆ ಮೂಕಿಯನ್ನು ಹಾಗೆ ಎತ್ತಿ ಭಾರ ನೋಡುವುದು ಅವನ ಅಭ್ಯಾಸ. ಹೊರೆ ಹಿಂದಕ್ಕೆ ಹೆಚ್ಚಾದರೆ ಹಿಂಭಾರ: ನೊಗ ಮೇಲೇಳುತ್ತದೆ, ಕೊರಳ ಕಣ್ಣಿ ಎತ್ತಿನ ಕುತ್ತಿಗೆಯನ್ನು ಬಿಗಿಯುತ್ತದೆ. ಮುಂದಕ್ಕೆ ಹೆಚ್ಚಾದರೆ ಮುಂಭಾರ: ಹೆಗಲು ಹುಣ್ಣಾಗುತ್ತದೆ. ಹದವೆಂದರೆ ತುಸುವೇ ಮುಂಭಾರ. "ಇದರಲ್ಲಿ ಮುಂಭಾರ ಎಷ್ಟಿರಬೇಕು?" ಎಂದು ಕೇಳಿದ. ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಗುಂಡಿನ ಮೇಲೆ ಬೀಳಬೇಕು ಎಂದೆ. "ಬೀಳುತ್ತಿದೆಯಾ?" ಎಂದ. ಉತ್ತರ ನನಗೆ ಗೊತ್ತಿರಲಿಲ್ಲ. ಪುಸ್ತಕದ ಅಂಕಿ ಗೊತ್ತಿತ್ತು, ನಮ್ಮ ಗಾಡಿಯದು ಗೊತ್ತಿರಲಿಲ್ಲ.

ಮರುದಿನ ಹೆದ್ದಾರಿ ಬದಿಯ ಲಾರಿ ತಂಗುದಾಣದ ವೇಬ್ರಿಡ್ಜ್‌ಗೆ ಹೋದೆವು. ಒಟ್ಟು 1,720 ಕೆ.ಜಿ., ಗುಂಡಿನ ಮೇಲೆ 130. ನೂರಕ್ಕೆ ಎಂಟೂ ಇಲ್ಲ. ಕಾರಣ ಹುಡುಕಲು ಅಪ್ಪನಿಗೆ ಒಂದು ನಿಮಿಷ ಸಾಕಾಯಿತು. ಟ್ರೇಲರಿನ ಹಿಂದಿನ ಬಂಪರಿಗೆ ಮೂರು ಸೈಕಲ್ ಕಟ್ಟಿದ್ದೆವು, ಹಿಂಬದಿಯ ನೀರಿನ ತೊಟ್ಟಿಯನ್ನು ಮನೆಯಲ್ಲೇ ತುಂಬಿಕೊಂಡು ಹೊರಡುತ್ತಿದ್ದೆವು. ದೊಡ್ಡ ಲಾರಿಗಳು ಪಕ್ಕದಲ್ಲಿ ಹಾದುಹೋದಾಗಲೆಲ್ಲ ಟ್ರೇಲರ್ ಬಾಲ ಅಲ್ಲಾಡಿಸುತ್ತಿದ್ದದ್ದು ಗಾಳಿಗೆ ಎಂದು ನಾವು ನಂಬಿದ್ದೆವು. ಹಿಂಭಾರದ ಟ್ರೇಲರ್ ಒಮ್ಮೆ ತೂಗಾಡಲು ಹತ್ತಿದರೆ ಆ ತೂಗಾಟ ತಾನಾಗಿ ಬೆಳೆಯುತ್ತದೆ, ಕೊನೆಗೆ ಎಳೆಯುವ ವಾಹನವನ್ನೂ ಅಡ್ಡ ಮಲಗಿಸುತ್ತದೆ. ಸೈಕಲ್‌ಗಳು ಪಿಕಪ್‌ನ ತೊಟ್ಟಿಗೆ ಬಂದವು, ನೀರನ್ನು ತಂಗುವ ಜಾಗದಲ್ಲೇ ತುಂಬಿಕೊಳ್ಳತೊಡಗಿದೆವು. ಮತ್ತೆ ತೂಗಿದಾಗ 1,590ಕ್ಕೆ 200. ಈಗ ಪಟ್ಟಿಯ ಒಂಬತ್ತನೆಯ ಸಾಲು "ಹಿಂಭಾರ?" ಎಂದಿದೆ. ಹಿಂದೆ ಹೊಸದಾಗಿ ಏನಾದರೂ ಹೇರಿದ್ದೇವೆಯೇ ಎಂದು ಅದರ ಅರ್ಥ. ನಮ್ಮ ಮಗನೂ ಈಗ ಆ ಪದವನ್ನು ಆಡುತ್ತಾನೆ, ಶಾಲೆಯ ಚೀಲ ಕುತ್ತಿಗೆ ಎಳೆದಾಗ ಕೂಡ.

ಟೈರಿನ ಸಾಲಿನ ಬಗ್ಗೆ ಹೇಳದೆ ಇರಲಾರೆ. ಟ್ರೇಲರಿನ ಟೈರ್ ನೋಡಲು ಸದಾ ಹೊಸತಾಗಿಯೇ ಇರುತ್ತದೆ, ಏಕೆಂದರೆ ವರ್ಷದಲ್ಲಿ ಹೆಚ್ಚು ದಿನ ಅದು ಓಡುವುದಿಲ್ಲ, ಬಿಸಿಲಿನಲ್ಲಿ ನಿಂತು ಒಳಗೊಳಗೆ ಒಣಗುತ್ತದೆ. ಪಕ್ಕದಲ್ಲಿ ಅಚ್ಚಾದ ಕೊನೆಯ ನಾಲ್ಕು ಅಂಕಿಗಳನ್ನು ನೋಡಬೇಕು: 2319 ಎಂದಿದ್ದರೆ 2019ರ 23ನೆಯ ವಾರ ಹುಟ್ಟಿದ್ದು. ಗಾಳಿಯನ್ನು ಹೊರಡುವ ಮೊದಲೇ, ಟೈರ್ ತಣ್ಣಗಿರುವಾಗಲೇ ಅಳೆಯಬೇಕು. 2018ರ ಜುಲೈ 23ರಂದು ಕ್ಯಾಲಿಫೋರ್ನಿಯಾದ ರೆಡ್ಡಿಂಗ್ ಹತ್ತಿರ ಒಂದು ಟ್ರೇಲರಿನ ಟೈರ್ ಗಾಳಿ ಕಳೆದುಕೊಂಡು ರಿಮ್ ಡಾಂಬರಿಗೆ ಉಜ್ಜಿತು. ಆ ಕಿಡಿ ಒಣಹುಲ್ಲಿಗೆ ತಾಗಿ ಕಾರ್ ಫೈರ್ (Carr Fire) ಎಂಬ ಕಾಳ್ಗಿಚ್ಚಾಯಿತು. 2 ಲಕ್ಷ 29 ಸಾವಿರ ಎಕರೆ ಸುಟ್ಟಿತು, ಸಾವಿರಕ್ಕೂ ಹೆಚ್ಚು ಮನೆಗಳು ಹೋದವು, ಎಂಟು ಜನ ಸತ್ತರು, ಅವರಲ್ಲಿ ಬೆಂಕಿ ಆರಿಸಲು ಹೋದವರೂ ಇದ್ದರು. ನಮ್ಮ ಅರಿಜೋನಾದ ಕಾಡುಗಳೂ ಜೂನ್‌ನಲ್ಲಿ ಅಷ್ಟೇ ಒಣಗಿರುತ್ತವೆ. ನೆಲಕ್ಕೆ ಎಳೆದಾಡುವ ಸರಪಳಿಯೂ ಕಿಡಿ ಹಾರಿಸುತ್ತದೆ. ಆದ್ದರಿಂದಲೇ ಸರಪಳಿ ತಿರುವಿನಲ್ಲಿ ಬಿಗಿಯದಷ್ಟು ಸಡಿಲವಿರಬೇಕು, ನೆಲ ಮುಟ್ಟದಷ್ಟು ಗಿಡ್ಡವಿರಬೇಕು. ಈ ಸಾಲಿಗೆ ಬಂದಾಗ ನಾನು ನಿಧಾನಿಸುತ್ತೇನೆ. ಕಾಪಾಡುತ್ತಿರುವುದು ನಮ್ಮ ಮೂವರನ್ನು ಮಾತ್ರವಲ್ಲ ಎಂಬುದು ಈ ಸಾಲಿನಲ್ಲಿ ನನಗೆ ಬಹಳ ಸ್ಪಷ್ಟವಾಗಿ ಕಾಣುತ್ತದೆ.

ಉಳಿದ ಸಾಲುಗಳು ಬೇಗ ಸಾಗುತ್ತವೆ. ದೀಪ: ಒಬ್ಬರು ಒಳಗೆ, ಒಬ್ಬರು ಹಿಂದೆ, ಎಡ, ಬಲ, ಬ್ರೇಕ್. ಟ್ರೇಲರಿನ ಬ್ರೇಕನ್ನು ಮಾತ್ರ ಕೈಯಿಂದ ಒತ್ತಿ ನಿಧಾನಕ್ಕೆ ಎಳೆದು ನೋಡುವುದು. ಅಕಸ್ಮಾತ್ ಕಳಚಿಕೊಂಡರೆ ಟ್ರೇಲರಿನ ಬ್ರೇಕ್ ತಾನೇ ಹಿಡಿಯುವಂತೆ ಮಾಡುವ ತೆಳು ತಂತಿಯನ್ನು ಸರಪಳಿಗೆ ಕಟ್ಟದೆ ಪಿಕಪ್‌ಗೇ ಬೇರೆಯಾಗಿ ಸಿಕ್ಕಿಸುವುದು. ಗ್ಯಾಸ್ ಬಂದ್. ಮೆಟ್ಟಿಲು ಒಳಗೆ. ಕೊನೆಯ ಸಾಲು ಮಗನದು. ಚಕ್ರ ಉರುಳದಂತೆ ಒಡ್ಡುವ ರಬ್ಬರಿನ ತುಂಡುಗಳನ್ನು ನಾವು ಊರಿನ ಬಸ್ಸು-ಲಾರಿಗಳ ರೂಢಿಯಲ್ಲಿ ಕಲ್ಲು ಎಂದೇ ಕರೆಯುತ್ತೇವೆ. "ಕಲ್ಲು?" ಎಂದು ಅವರಪ್ಪ ಕೇಳಿದಾಗ ಅವನು ಎರಡನ್ನೂ ತಲೆಯ ಮೇಲಕ್ಕೆ ಎತ್ತಿ ತೋರಿಸಬೇಕು. ಎರಡೂ ಕಾಣದೆ ಎಂಜಿನ್ ಶುರುವಾಗುವುದಿಲ್ಲ.

ಅಪ್ಪ ಊರಿಗೆ ಮರಳಿದ ಮೇಲೆ ನಾವು ಹೊರಡುವ ದಿನ ಫೋನ್ ಮಾಡುವುದು ವಾಡಿಕೆಯಾಗಿದೆ. ನಮ್ಮ ನಾಲ್ಕೂವರೆ ಅವನಿಗೆ ಸಂಜೆಯ ಐದು, ಕಾಫಿಯ ಹೊತ್ತು. ಪಟ್ಟಿ ಓದಿ ಮುಗಿಸಿದ ಮೇಲೆಯೇ ನಾನು ಫೋನ್ ಎತ್ತುವುದು. ಈಚೆಗೆ ಮಾತು ಕಬ್ಬಿನ ಟ್ರ್ಯಾಕ್ಟರುಗಳ ಕಡೆಗೆ ತಿರುಗುತ್ತದೆ. ಹಂಗಾಮಿನಲ್ಲಿ ನಮ್ಮ ಕಡೆ ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್ ಕಟ್ಟಿ, ಎರಡೂ ಬದಿಗೆ ಕಬ್ಬು ಚಾಚುವಂತೆ ಹೇರಿ, ರಾತ್ರಿಯಲ್ಲಿ ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ಕಾರ್ಖಾನೆಗೆ ಹೋಗುತ್ತಾರೆ. ಕೆಟ್ಟು ನಿಂತರೆ ಕತ್ತಲ ರಸ್ತೆಯಲ್ಲೇ ನಿಂತಿರುತ್ತವೆ. ಹಿಂದಿನಿಂದ ಬಂದ ಬೈಕ್ ಸವಾರರಿಗೆ ಕಬ್ಬಿನ ತುದಿ ಎದೆಗೆ ತಾಗುವವರೆಗೂ ತಿಳಿಯುವುದಿಲ್ಲ. ಟ್ರ್ಯಾಕ್ಟರಿಗೂ ಟ್ರೇಲರಿಗೂ ನಡುವೆ ಇರುವುದು ಒಂದು ಕಬ್ಬಿಣದ ಕೀಲು. ಅದು ಮೇಲಕ್ಕೆ ಎಗರದಂತೆ ಕೆಳಗೆ ಕ್ಲಿಪ್ ಹಾಕಬೇಕು. ಬಹಳ ಕಡೆ ಕ್ಲಿಪ್ ಕಳೆದುಹೋಗಿರುತ್ತದೆ, ಅದರ ಜಾಗದಲ್ಲಿ ಒಂದು ಮೊಳೆಯೋ ತುಂಡು ತಂತಿಯೋ ಇರುತ್ತದೆ. ಅಪ್ಪ ನಮ್ಮ ಅಣ್ಣತಮ್ಮಂದಿರ ಮನೆಗಳ ನಾಲ್ಕು ಟ್ರ್ಯಾಕ್ಟರಿಗೂ ಕ್ಲಿಪ್ ತಂದುಕೊಟ್ಟಿದ್ದಾನೆ, ಹಿಂದೆ ಹೊಳೆಯುವ ಕೆಂಪು ಪಟ್ಟಿ ಅಂಟಿಸಿದ್ದಾನೆ. ಹುಡುಗರು ಕ್ಲಿಪ್ ಹಾಕದೆಯೇ ಹಾಕಿದ್ದೇವೆ ಎನ್ನುತ್ತಾರಂತೆ. ಅದಕ್ಕೆ ಅವನು ಗಾಡಿ ಹೊರಡುವ ಹೊತ್ತಿಗೆ ತಾನೇ ಹೋಗಿ ನಿಲ್ಲುತ್ತಾನೆ.

ಕಳೆದ ವಾರ ವಾಟ್ಸಾಪ್‌ನಲ್ಲಿ ಒಂದು ಚಿತ್ರ ಕಳಿಸಿದ್ದ. ಒಂದಕ್ಷರವೂ ಬರೆದಿರಲಿಲ್ಲ. ಮುಸ್ಸಂಜೆಯ ಬೆಳಕು, ಗ್ರೀಸ್ ಮೆತ್ತಿದ ಕೊಕ್ಕೆ, ಅದರಲ್ಲಿ ಕೀಲು, ಕೀಲಿನ ತುದಿಯಲ್ಲಿ ಹೊಸ ಕ್ಲಿಪ್. ಕ್ಲಿಪ್ಪಿನ ಮೇಲೆ ಅಪ್ಪನ ಹೆಬ್ಬೆರಳು.